ಉಂಡು ಮಲಗಿದರೂ ಮುಗಿಯದ ಜಗಳ

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯನ್ನು ಕೇಳದವರಿಲ್ಲ. ಇಬ್ಬರೂ ಸರಿಸಮವಾಗಿ ಮಾತಾಡುವ ಮನೆಗೆ ಅದು ಸರಿ. ಒಬ್ಬರು ಹೊಡೆದು, ಇನ್ನೊಬ್ಬರು ಪೆಟ್ಟು ತಿನ್ನುವ ಮನೆಯಲ್ಲಿ ನಡೆಯುವುದು ಜಗಳವಲ್ಲ, ದೌರ್ಜನ್ಯ. ಗೋಡೆಯಾಚೆಯ ಅಳು ಕೇಳಿಯೂ ‘ಅವರ ಮನೆ ವಿಷಯ, ನಮಗೇಕೆ?’ ಎನ್ನುವವರು ಈ ವ್ಯತ್ಯಾಸವನ್ನು ಮರೆತಿರುತ್ತಾರೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಕರ್ನಾಟಕದಲ್ಲಿ 18ರಿಂದ 49 ವರ್ಷದೊಳಗಿನ ವಿವಾಹಿತ ಮಹಿಳೆಯರಲ್ಲಿ ನೂರಕ್ಕೆ 44 ಮಂದಿ ಒಮ್ಮೆಯಾದರೂ ಗಂಡನ ಹಿಂಸೆಗೆ ಒಳಗಾದವರು. ವಿದ್ಯಾರ್ಥಿಗಳು ಈ ಅಂಕಿಯ ಜೊತೆಗೆ ಅದನ್ನು ಪಡೆದ ವಿಧಾನವನ್ನೂ ಗಮನಿಸಬೇಕು. ಈ ಪ್ರಶ್ನೆಗಳನ್ನು ಒಂದು ಮನೆಯಲ್ಲಿ ಒಬ್ಬರಿಗೆ ಮಾತ್ರ, ಅದೂ ಬೇರೆ ಯಾರ ಕಿವಿಗೂ ಬೀಳದಂತೆ ಕೇಳುತ್ತಾರೆ. ಏಕಾಂತ ಸಿಗದಿದ್ದರೆ ಪ್ರಶ್ನೆಗಳನ್ನೇ ಕೈಬಿಡುತ್ತಾರೆ. ಗಂಡ, ಅತ್ತೆಯ ಎದುರು ಕೇಳಿದರೆ ‘ಇಲ್ಲ’ ಎಂಬ ಉತ್ತರವಲ್ಲದೆ ಬೇರೇನು ಬಂದೀತು?

ಆಪ್ತಸಮಾಲೋಚನೆಯ ಮೊದಲ ಪಾಠವೂ ಇದೇ. ಹತ್ತು ಮಂದಿಯ ನಡುವೆ ಕೂರಿಸಿ ‘ಹೊಂದಿಕೊಂಡು ಹೋಗಮ್ಮ’ ಎನ್ನುವುದು ಸಮಾಲೋಚನೆಯಲ್ಲ. ಅವಳ ಮಾತನ್ನು ತಡೆಯದೆ ಕೇಳಬೇಕು, ನಂಬಬೇಕು, ತೀರ್ಮಾನವನ್ನು ಅವಳಿಗೇ ಬಿಡಬೇಕು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ನ್ಯಾಯಾಲಯ ಸೂಚಿಸಿದ ಸಮಾಲೋಚನೆಯಲ್ಲಿ ಹೊಡೆದವನು ‘ಸಾರಿಗೆ ಉಪ್ಪಿರಲಿಲ್ಲ, ಅದಕ್ಕೇ ಹೊಡೆದೆ’ ಎಂದು ಸಮರ್ಥಿಸಿಕೊಳ್ಳಲು ಅದರ ನಿಯಮಗಳಲ್ಲಿ ಅವಕಾಶವಿಲ್ಲ.

ಇದೇ ಕಾಯ್ದೆಯ 4ನೇ ಕಲಮು ನೆರೆಹೊರೆಯವರಿಗಾಗಿಯೇ ಬರೆದಂತಿದೆ. ದೌರ್ಜನ್ಯ ನಡೆದಿದೆಯೆಂದು ನಂಬಲು ಕಾರಣವಿರುವ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಮೊಕದ್ದಮೆ ಬರುವುದಿಲ್ಲ. ಕರ್ನಾಟಕದಲ್ಲಿ ಅಂಗನವಾಡಿಗಳನ್ನು ನೋಡಿಕೊಳ್ಳುವ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೇ ಈ ಹೊಣೆಯನ್ನು ವಹಿಸಲಾಗಿದೆ. ಆದ್ದರಿಂದ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಹೆಣ್ಣುಮಗಳು ಮೊದಲ ದೂರಿಗೇ ಚಿತ್ರದುರ್ಗಕ್ಕೆ ಅಲೆಯಬೇಕಿಲ್ಲ. ಊರಿನ ಅಂಗನವಾಡಿ ಟೀಚರನ್ನು ಕೇಳಿದರೆ ಆ ಕಚೇರಿಯ ದಾರಿ ತಿಳಿಯುತ್ತದೆ. ವಕೀಲರ ಶುಲ್ಕದ ಚಿಂತೆಯೂ ಬೇಡ. ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ಕಾನೂನು ನೆರವು ಉಚಿತ.

ಸ್ವಯಂಸೇವಾ ಸಂಸ್ಥೆಗಳ ಮೂಲಕ ನೊಂದವರಿಗೆ ಆಸರೆ ನೀಡಲು ರಾಜ್ಯ ಸರ್ಕಾರ 2000-01ರಲ್ಲಿ ‘ಸಾಂತ್ವನ’ ಯೋಜನೆಯನ್ನು ಆರಂಭಿಸಿತು. 2015ರಲ್ಲಿ ಬಂದ ಕೇಂದ್ರದ ‘ಸಖಿ’ ಯೋಜನೆಯು ಚಿಕಿತ್ಸೆ, ಪೊಲೀಸ್ ನೆರವು, ಸಮಾಲೋಚನೆ ಮತ್ತು ಕೆಲವು ದಿನಗಳ ತಂಗುದಾಣವನ್ನು ಒಂದೇ ಸೂರಿನಡಿ ತಂದಿತು. ಮಹಿಳೆಯರ ಸಹಾಯವಾಣಿ 181, ಮಕ್ಕಳದು 1098.

ಮಕ್ಕಳದು ಯಾಕೆಂದರೆ, ತಾಯಿಗೆ ಬೀಳುವ ಪೆಟ್ಟಿಗೆ ಮೂಲೆಯಲ್ಲಿ ಕುಳಿತ ಮಗುವೂ ಸಾಕ್ಷಿ. ತರಗತಿಯಲ್ಲಿ ಇದ್ದಕ್ಕಿದ್ದಂತೆ ಮಂಕಾದ ಗೆಳತಿ, ದಿನವೂ ಮನೆಗೆ ಹೋಗಲು ತಡಮಾಡುವ ಗೆಳೆಯ ಇದ್ದರೆ ಗೇಲಿ ಮಾಡಬೇಡಿ. ‘ಇದರಲ್ಲಿ ನಿನ್ನ ತಪ್ಪಿಲ್ಲ’ ಎಂದು ಹೇಳಿ, ನಂಬಿಕೆಯ ಶಿಕ್ಷಕರ ಬಳಿ ಕರೆದೊಯ್ಯಿರಿ.

ಓಬವ್ವನ ಕಿಂಡಿಯನ್ನು ನೋಡಿ ಬರುವ ಪೋಷಕರು ಮಗಳಿಗೆ ಧೈರ್ಯದ ಕಥೆ ಹೇಳುತ್ತಾರೆ. ಮದುವೆಯಾದ ಮಗಳು ಒಂದು ದಿನ ಅಳುತ್ತಾ ಬಂದು ನಿಂತಾಗ, ಏನೂ ಕೇಳದೆ ಬಾಗಿಲು ತೆರೆಯುವ ಧೈರ್ಯ ಅವರದಾಗಬೇಕು.