ಘಾನಾದವರು ಮಧ್ಯಾಹ್ನ ಏನು ಉಣ್ಣುತ್ತಾರೆ?

1986ರಲ್ಲಿ, ನಾನು ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಒಂಬತ್ತನೆಯ ತರಗತಿಗೆ ಆಫ್ರಿಕಾ ಖಂಡದ ಪಾಠ ಮಾಡುತ್ತಿದ್ದೆ. ಕಪ್ಪುಹಲಗೆಯ ಮೇಲೆ ‘ಘಾನಾ’ ಎಂದು ಬರೆದು, ಅದರ ಮುಂದೆ ಕೋಕೋ, ಚಿನ್ನ, ಮರಮುಟ್ಟು ಎಂದು ಸೇರಿಸಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಟೀಚರ್, ಅವರು ಮಧ್ಯಾಹ್ನ ಏನು ಉಣ್ಣುತ್ತಾರೆ?” ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಹೇಳುವ ಧೈರ್ಯವೂ ಇರಲಿಲ್ಲ. “ಕಾಡಿನ ಗೆಡ್ಡೆಗೆಣಸು” ಎಂದುಬಿಟ್ಟೆ. ತರಗತಿ ಗೊಳ್ಳೆಂದು ನಕ್ಕಿತು, ನಾನೂ ನಕ್ಕೆ.

ಇತ್ತೀಚೆಗೆ ಅಕ್ರಾದಲ್ಲಿ ನೆಲೆಸಿರುವ ನನ್ನ ತಮ್ಮನ ಸೊಸೆ ರಜೆಗೆಂದು ಬಂದಿದ್ದಳು. ಅಲ್ಲಿನ ನೆರೆಮನೆಯಾಕೆಯಿಂದ ಕಲಿತ ಕಡಲೇಕಾಯಿ ಸೂಪನ್ನು ನನ್ನ ಕೈಯಿಂದಲೇ ಮಾಡಿಸಿದಳು. ಅಕಾನ್ ಭಾಷೆಯಲ್ಲಿ ಅದು ‘ನ್ಕತೆನ್‌ಕ್ವಾನ್’. ಎಂದರೆ ಕಡಲೇಕಾಯಿಯ ಸಾರು.

ಕಾಲು ಕಿಲೋ ಬೀಜವನ್ನು ಸಣ್ಣ ಉರಿಯಲ್ಲಿ ಹುರಿದು, ಸಿಪ್ಪೆ ಕೇರಿ, ಎಣ್ಣೆ ಬಿಡುವವರೆಗೆ ರುಬ್ಬಬೇಕು. ಮಿಕ್ಸಿಯಲ್ಲಿ ಮೊದಲು ಪುಡಿ, ಆಮೇಲೆ ಅಂಟು, ಕೊನೆಗೆ ಬೆಣ್ಣೆಯಂತಹ ಮುದ್ದೆ. ಈರುಳ್ಳಿ, ಟೊಮೇಟೊ, ಶುಂಠಿ, ಮೆಣಸಿನಕಾಯಿಗಳನ್ನು ಇಡಿಯಾಗಿ ಬೇಯಿಸಿ, ತೆಗೆದು ಅರೆದು, ಅದೇ ನೀರಿಗೆ ಮರಳಿ ಹಾಕುವುದು. (ಅಲ್ಲಿ ಇದಕ್ಕೆ ‘ಅಸಾಂಕಾ’ ಎಂಬ, ಒಳಮೈಯಲ್ಲಿ ಗೀರುಗಳುಳ್ಳ ಮಣ್ಣಿನ ಬೋಗುಣಿಯಿದೆಯಂತೆ.) ಕಡಲೇಕಾಯಿ ಮುದ್ದೆಯನ್ನು ನೀರಿನಲ್ಲಿ ಕದಡಿಯೇ ಸೇರಿಸಬೇಕು, ನಾನು ಅವಸರದಲ್ಲಿ ಹಾಗೆಯೇ ಸುರಿದು ತಳ ಹತ್ತಿಸಿದೆ. ಮೇಲೆ ಕೆಂಪು ಎಣ್ಣೆ ತೇಲುವವರೆಗೆ, ಮುಕ್ಕಾಲು ಗಂಟೆಯಾದರೂ, ಕುದಿಯಬೇಕು. ಅವರು ಕೋಳಿಯನ್ನೋ ಹೊಗೆಯಲ್ಲಿ ಒಣಗಿಸಿದ ಮೀನನ್ನೋ ಹಾಕುತ್ತಾರೆ. ನಮ್ಮ ಮನೆಯಲ್ಲಿ ಅದಿಲ್ಲವಾದ್ದರಿಂದ ಬದನೆ, ಅಣಬೆ ಹಾಕಿದೆವು. ಅವೂ ಅಲ್ಲಿನ ಸಾರುಗಳಲ್ಲಿ ಬಳಕೆಯಲ್ಲಿರುವವೇ. ಅಭ್ಯಾಸಬಲದಿಂದ ನಾನು ಸಾಸಿವೆ ಡಬ್ಬಿಗೆ ಕೈ ಹಾಕಿದಾಗ, “ದೊಡ್ಡತ್ತೆ, ಒಗ್ಗರಣೆ ಬೇಡ. ಒಂದು ಸಲವಾದರೂ ಅವರ ಹಾಗೆ ಮಾಡೋಣ” ಎಂದಳು. ಅವಳ ಮಾತು ಸರಿ. ನಾಲ್ಕು ಕಾಳು ಸಾಸಿವೆ ಸಿಡಿಸಿ ಎಲ್ಲವನ್ನೂ ನಮ್ಮದಾಗಿಸಿಕೊಳ್ಳುವ ಆತುರ ನಮ್ಮಲ್ಲಿ ಹೆಚ್ಚು.

ಇದರ ಜೊತೆಗೆ ಅಲ್ಲಿ ಮರಗೆಣಸು, ಬಾಳೆಕಾಯಿಗಳನ್ನು ಬೇಯಿಸಿ ಒರಳಿನಲ್ಲಿ ಕುಟ್ಟಿದ ‘ಫುಫು’ ಉಣ್ಣುತ್ತಾರೆ. ಒಬ್ಬರು ಒನಕೆ ಎತ್ತಿ ಹಾಕುವಾಗ ಇನ್ನೊಬ್ಬರು ಒರಳಿಗೆ ಕೈಯಿಟ್ಟು ಹಿಟ್ಟು ತಿರುವುತ್ತಾರೆ. ಬಲಗೈಯಿಂದ ಮುರಿದು, ಸಾರಿನಲ್ಲಿ ಅದ್ದಿ, ಅಗಿಯದೆ ನುಂಗುವುದು. ಮಂಡ್ಯದ ಕಡೆಯ ನನ್ನ ವಿದ್ಯಾರ್ಥಿಗಳಿಗೆ ಇದನ್ನು ಬಿಡಿಸಿ ಹೇಳಬೇಕೆ? ನಾವು ಸುಲಭದ ದಾರಿ ಹಿಡಿದು, ಮೆತ್ತಗೆ ಬೆಂದ ಅನ್ನವನ್ನು ಮಸೆದು ಉಂಡೆ ಕಟ್ಟಿದೆವು. ‘ಓಮೋ ತುವೋ’ ಎಂಬ ಹೆಸರಿನಲ್ಲಿ ಅದೂ ಅಲ್ಲಿಯದೇ.

ನಾವು ನುಂಗುವ ರಾಗಿಯೂ ಪೂರ್ವ ಆಫ್ರಿಕಾದ ಎತ್ತರದ ನೆಲದಿಂದ ಸಾವಿರಾರು ವರ್ಷಗಳ ಹಿಂದೆ ಬಂದದ್ದು. ಅವರ ಸಾರಿನ ಕಡಲೇಕಾಯಿಯೋ ದಕ್ಷಿಣ ಅಮೆರಿಕಾದ್ದು. 16ನೆಯ ಶತಮಾನದಲ್ಲಿ ಪೋರ್ಚುಗೀಸರ ಹಡಗುಗಳಲ್ಲಿ ಪಶ್ಚಿಮ ಆಫ್ರಿಕಾ ತಲುಪಿತು. ಅದಕ್ಕೂ ಮೊದಲು ಮಣ್ಣಿನೊಳಗೆ ಕಾಯಿ ಬಿಡುವ ‘ಬಂಬಾರ’ ಎಂಬ ಸ್ವಂತ ಕಾಳು ಅವರಲ್ಲಿತ್ತು. ಮಣ್ಣಿನಿಂದ ಕಾಳು ಬಿಡಿಸುವುದನ್ನು ಅವರಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿರಲಿಲ್ಲ.

ಇಷ್ಟು ವರ್ಷ ನಾನು ಕಲಿಸಿದ ಭೂಗೋಳದ ಬಗ್ಗೆ ನನ್ನ ತಕರಾರು ಇದೇ. ಒಂದು ದೇಶ ಏನನ್ನು ಮಾರುತ್ತದೆ ಎಂಬುದನ್ನು ಬಾಯಿಪಾಠ ಮಾಡಿಸಿದೆವು. ಅಲ್ಲಿಯ ಜನ ಏನು ಬೇಯಿಸುತ್ತಾರೆ ಎಂಬುದನ್ನು ಒಂದು ಸಾಲಿನಲ್ಲಾದರೂ ಹೇಳಲಿಲ್ಲ. ಕೋಕೋ ಅನ್ಯರಿಗಾಗಿ ಬೆಳೆದದ್ದು; ಪರೀಕ್ಷೆಯಲ್ಲಿ ಅದಕ್ಕೇ ಅಂಕ. ಹೀಗೆ ಕಲಿತ ಮಕ್ಕಳೇ ದೊಡ್ಡವರಾಗಿ, ಆಫ್ರಿಕಾದ ವಿದ್ಯಾರ್ಥಿಗಳು ಬಾಡಿಗೆಗೆ ಮನೆ ಕೇಳಲು ಬಂದಾಗ “ಅವರ ಅಡುಗೆ ವಾಸನೆ” ಎಂದು ಬಾಗಿಲು ಹಾಕುತ್ತಾರೆ. ಅಂದಿನ ನಗುವನ್ನು ಕಲಿಸಿದವಳು ನಾನೇ. ಹಾಗಾಗಿ ಅವರನ್ನು ದೂರಲು ನನಗೆ ನಾಲಿಗೆ ಏಳುವುದಿಲ್ಲ.

ಆ ಹುಡುಗಿಯ ಹೆಸರು ನನಗೆ ನೆನಪಿದೆ, ಇಲ್ಲಿ ಬರೆಯುವುದಿಲ್ಲ. ಅವಳು ಇದನ್ನು ಓದಿದರೆ ಒಂದು ಮಧ್ಯಾಹ್ನ ಊಟಕ್ಕೆ ಬರಲಿ. ಹಿಂದಿನ ದಿನ ತಿಳಿಸಿದರೆ ಸಾಕು, ಕಡಲೇಕಾಯಿ ಹುರಿದಿಟ್ಟಿರುತ್ತೇನೆ.