ಪಕ್ಕದಂಗಡಿಯ ಲೆಕ್ಕ

ಜುಲೈ ಬಂತೆಂದರೆ ಹಾಸನದಲ್ಲಿ ತೆರಿಗೆ ಸಲಹೆಗಾರರಾಗಿರುವ ನಮ್ಮ ಚಿಕ್ಕಪ್ಪನಿಗೆ ಊಟ, ನಿದ್ದೆ ಎರಡೂ ಇರಲ್ಲ. ಗ್ರಾಹಕರ ಪ್ಯಾನ್, ಆಧಾರ್, ಫಾರ್ಮ್ 16, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲವೂ ಅವರ ವಾಟ್ಸ್‌ಆ್ಯಪ್‌ನಲ್ಲಿ, ಗುಡ್ ಮಾರ್ನಿಂಗ್ ಹೂಗಳ ನಡುವೆ ಬಿದ್ದಿರುತ್ತಿದ್ದವು. "ಇಷ್ಟು ಓದಿದೀಯಲ್ಲಮ್ಮ, ಇದಕ್ಕೊಂದು ದಾರಿ ಮಾಡು" ಅಂದರು.

ಮಾಡಿದೆ. ಗೂಗಲ್ ಡ್ರೈವ್‌ನಲ್ಲಿ ಒಂದು ದೊಡ್ಡ ಫೋಲ್ಡರ್, ಅದರೊಳಗೆ ಒಬ್ಬೊಬ್ಬ ಗ್ರಾಹಕರಿಗೆ ಒಂದೊಂದು. ಪರೀಕ್ಷೆಗೆಂದು ದೊಡ್ಡದಕ್ಕೆ 'ಲಿಂಕ್ ಇರುವ ಯಾರು ಬೇಕಾದರೂ ನೋಡಬಹುದು' ಅಂತ ಹಾಕಿದ್ದೆ. ತೆಗೆಯೋದು ಮರೆತೆ. ಅರ್ಧ ಗಂಟೆಯ ಕೆಲಸ, ಕಾಫಿ ಕುಡಿದು ಬೆಂಗಳೂರಿಗೆ ಬಸ್ ಹತ್ತಿದೆ.

ವಾರದೊಳಗೆ ಚಿಕ್ಕಪ್ಪನ ಫೋನು. ಯಾವುದೋ ಅವಸರದಲ್ಲಿ ಅವರು ಒಳಗಿನ ಫೋಲ್ಡರ್ ಬದಲು ದೊಡ್ಡದರ ಲಿಂಕನ್ನೇ ಒಬ್ಬರಿಗೆ ಕಳಿಸಿಬಿಟ್ಟಿದ್ದರು. ಆ ಪುಣ್ಯಾತ್ಮರು ಕರೆ ಮಾಡಿ, "ಸಾರ್, ಪಕ್ಕದ ಬಟ್ಟೆ ಅಂಗಡಿಯವರ ಲಾಭ ನಂಗ್ಯಾಕೆ ಕಾಣಿಸ್ತಿದೆ?" ಅಂತ ಕೇಳಿದರಂತೆ. ಕೇಳಿದ್ದು ನಮ್ಮ ಅದೃಷ್ಟ. ಸುಮ್ಮನೆ ಓದಿಕೊಂಡಿದ್ದರೆ ನಮಗೆ ಗೊತ್ತೇ ಆಗುತ್ತಿರಲಿಲ್ಲ.

ಹೊರಗಿನ ಫೋಲ್ಡರ್‌ಗೆ ಕೊಟ್ಟ ಅನುಮತಿ ಒಳಗಿನವಕ್ಕೂ ತಾನಾಗಿ ಇಳಿಯುತ್ತದೆ. ಇದು ನನಗೆ ಗೊತ್ತಿರಲಿಲ್ಲವೇ? ಆಫೀಸಲ್ಲಿ ದಿನಾ ಇದೇ ಕೆಲಸ! ಆದರೆ ನಾನು ಎಲ್ಲವನ್ನೂ ಮಾಲೀಕಳ ಲಾಗಿನ್‌ನಿಂದ ನೋಡಿದ್ದೆ. ಮಾಲೀಕರಿಗೆ ಎಲ್ಲ ಬಾಗಿಲೂ ತೆರೆದೇ ಇರುತ್ತೆ, ಬೀಗ ಬಿದ್ದಿದೆಯೋ ಇಲ್ಲವೋ ಅಂತ ತಿಳಿಯೋದೇ ಇಲ್ಲ.

ಎರಡನೇ ಸಲ ನೆಕ್ಸ್ಟ್‌ಕ್ಲೌಡ್ ಬಳಸಿ ಸಣ್ಣ ಪೋರ್ಟಲ್ ಕಟ್ಟಿದೆ. ಎರಡು ಭಾನುವಾರ ಹಿಡಿಯಿತು. ಮೊದಲು ಯಾರಿಗೂ ಏನೂ ಕಾಣದ ಹಾಗೆ ಮಾಡಿ, ಆಮೇಲೆ ಬೇಕಾದಷ್ಟೇ ತೆರೆಯುತ್ತಾ ಬಂದೆ. ಪ್ರತಿ ಗ್ರಾಹಕರಿಗೂ ಸ್ವಂತ ಖಾತೆ, ಅದರಲ್ಲಿ ಎರಡೇ ಫೋಲ್ಡರ್: 'ನೀವು ಕಳಿಸಿದ್ದು', 'ನಾವು ಕೊಟ್ಟಿದ್ದು'. ಎರಡನೆಯದರಲ್ಲಿ ಅವರು ಓದಬಹುದು, ಅಳಿಸಲಾಗದು. ಪಾಸ್‌ವರ್ಡ್ ಜೊತೆಗೆ ಮೊಬೈಲ್ ಆ್ಯಪ್‌ನ ಆರಂಕಿ ಕೋಡ್ ಕೂಡ ಬೇಕು. ಬ್ಯಾಂಕಿಗೋ ಬೇರೆಯವರಿಗೋ ಲಿಂಕ್ ಕೊಡಲೇಬೇಕಾದರೆ ಅದಕ್ಕೊಂದು ಪಾಸ್‌ವರ್ಡ್, ಏಳು ದಿನದ ಗಡುವು. ಪಾಸ್‌ವರ್ಡನ್ನು ಲಿಂಕ್ ಜೊತೆಗೇ ಮೆಸೇಜ್ ಮಾಡಬೇಡಿ, ಫೋನಲ್ಲಿ ಹೇಳಿ ಅಂತ ಚಿಕ್ಕಪ್ಪನ ಮೇಜಿನ ಮೇಲೆ ಚೀಟಿ ಅಂಟಿಸಿದ್ದೇನೆ. ಆಧಾರ್ ಸಂಖ್ಯೆ ಪೂರ್ತಿ ಬೇಡವಾದ ಕಡೆ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಸಾಕು. ಯುಐಡಿಎಐ ತಾಣದಲ್ಲೇ ಸಿಗುತ್ತೆ, ಬಹಳ ಜನಕ್ಕೆ ಗೊತ್ತೇ ಇಲ್ಲ.

ಕೆಲಸ ಬಿಟ್ಟು ಹೋದ ಹುಡುಗನ ವಿಷಯ ಹೊಳೆದಿದ್ದು ಆಮೇಲೆ. ಹಿಂದೆ ಆಫೀಸಿಗೆಲ್ಲ ಒಂದೇ ಪಾಸ್‌ವರ್ಡ್, ಅವನಿಗೂ ಅದು ಬಾಯಿಪಾಠ. ಈಗ ಸಿಬ್ಬಂದಿಗೂ ಬೇರೆ ಬೇರೆ ಖಾತೆ. ಬಿಟ್ಟವರದ್ದು ಅವತ್ತೇ ಬಂದ್.

ಎಲ್ಲ ಮುಗಿದ ಮೇಲೆ ಸುಳ್ಳು ಹೆಸರಿನ ಇಬ್ಬರು ಗ್ರಾಹಕರನ್ನು ಸೃಷ್ಟಿಸಿ, ಚಿಕ್ಕಮ್ಮನ ಫೋನಿಂದ ಒಬ್ಬರಾಗಿ ಲಾಗಿನ್ ಆಗಿ ಇನ್ನೊಬ್ಬರ ಫೋಲ್ಡರ್ ಹುಡುಕಿದೆ. ಸಿಗಲಿಲ್ಲ. ಆಗ ಉಸಿರು ಬಿಟ್ಟೆ.

ಬಟ್ಟೆ ಅಂಗಡಿಯವರ ಹತ್ತಿರ ಚಿಕ್ಕಪ್ಪ ತಾವೇ ಹೋಗಿ ನಡೆದದ್ದು ಹೇಳಿ ಕ್ಷಮೆ ಕೇಳಿದರು. ನಾನೂ ಹೋಗಿದ್ದೆ, ತಲೆ ತಗ್ಗಿಸಿ ಕೂತಿದ್ದೆ. ಅವರು ಬೈಯಲಿಲ್ಲ, ಟೀ ತರಿಸಿದರು. ಇವತ್ತಿಗೂ ಚಿಕ್ಕಪ್ಪನ ಹತ್ತಿರವೇ ಲೆಕ್ಕ ಮಾಡಿಸ್ತಾರೆ. ಪೋರ್ಟಲ್‌ಗೆ ಮಾತ್ರ ಬಂದಿಲ್ಲ. ದಾರ ಕಟ್ಟಿದ ಕಾಗದದ ಕಡತ ಕಂಕುಳಲ್ಲಿಟ್ಟುಕೊಂಡು ಖುದ್ದಾಗಿ ಬರ್ತಾರೆ.