ಅಣ್ಣನ ಕಣ್ಣೀರು, ತಂಗಿಯ ಪಾಲು

ತಮಿಳಿನ ‘ಪಾಸಮಲರ್’ ಚಿತ್ರ ತೆರೆ ಕಂಡದ್ದು 1961ರ ಮೇ 27ರಂದು. ನಿರ್ದೇಶಕರು ಎ. ಭೀಮ್‌ಸಿಂಗ್. ಅಣ್ಣ ರಾಜಶೇಖರನಾಗಿ ಶಿವಾಜಿ ಗಣೇಶನ್, ತಂಗಿ ರಾಧಾ ಆಗಿ ಸಾವಿತ್ರಿ, ಅವಳ ಗಂಡ ಆನಂದನಾಗಿ ಜೆಮಿನಿ ಗಣೇಶನ್ ನಟಿಸಿದ್ದರು. ಮರುವರ್ಷವೇ ಈ ಕಥೆ ತೆಲುಗಿನಲ್ಲಿ ‘ರಕ್ತ ಸಂಬಂಧಂ’ ಆಯಿತು. ಅಲ್ಲಿಯೂ ತಂಗಿ ಸಾವಿತ್ರಿಯೇ, ಅಣ್ಣ ಎನ್.ಟಿ. ರಾಮರಾವ್. ಅದೇ 1962ರಲ್ಲಿ ಭೀಮ್‌ಸಿಂಗ್ ಅದನ್ನು ಹಿಂದಿಯಲ್ಲಿ ‘ರಾಖಿ’ ಎಂದು ತೆಗೆದರು. ಅಣ್ಣನ ಪಾತ್ರ ಮಾಡಿದ ಅಶೋಕ್ ಕುಮಾರ್ ಅವರಿಗೆ ಫಿಲ್ಮ್‌ಫೇರ್ ಪ್ರಶಸ್ತಿ ಬಂತು. 1965ರಲ್ಲಿ ಡಾ. ರಾಜ್‌ಕುಮಾರ್ ಅಭಿನಯದ ‘ವಾತ್ಸಲ್ಯ’ವಾಗಿ ಅದು ಕನ್ನಡಕ್ಕೂ ಬಂತು. ಕನ್ನಡ, ಉರ್ದು, ತೆಲುಗು, ಮರಾಠಿ ಒಂದೇ ಸಂತೆಯಲ್ಲಿ ಕೇಳಿಬರುವ ನಮ್ಮ ಬೀದರ್ ಸೀಮೆಯವರಿಗೆ ತಮಿಳು ಬಾರದಿದ್ದರೂ ಈ ಕಥೆ ಹೊಸದಲ್ಲ.

ಚಿತ್ರ ಚೆನ್ನಾಗಿಲ್ಲ ಎಂದು ನಾವು ಹೇಳುತ್ತಿಲ್ಲ. ಶಿವಾಜಿ ಮತ್ತು ಸಾವಿತ್ರಿ ಅಳಿಸುತ್ತಾರೆ, ಪ್ರೇಕ್ಷಕ ಅಳುತ್ತಾನೆ. ನಮ್ಮ ತಕರಾರು ಆ ಕಣ್ಣೀರು ಒಣಗಿದ ನಂತರದ್ದು. ಅರವತ್ತು ವರ್ಷಗಳಿಂದ ತೆರೆಯ ಮೇಲಿನ ತಂಗಿಗಾಗಿ ಅಳುತ್ತಾ ಬಂದಿರುವ ಅಣ್ಣಂದಿರು ಮನೆಯಲ್ಲಿರುವ ತಂಗಿಗೆ ಏನು ಕೊಟ್ಟಿದ್ದಾರೆ?

ಕಥೆಯ ಒಂದು ಎಳೆಯನ್ನು ಓದುಗರು ನೆನಪಿಗೆ ತಂದುಕೊಳ್ಳಬೇಕು. ಅಣ್ಣ ಇನ್ನೂ ಬಡ ಕಾರ್ಮಿಕನಾಗಿದ್ದಾಗ ತಂಗಿ ತಾನು ಪೈಸೆ ಪೈಸೆ ಕೂಡಿಟ್ಟ ದುಡ್ಡನ್ನು ತಂದು ಅವನ ಕೈಗಿಡುತ್ತಾಳೆ. ಅದೇ ಬಂಡವಾಳದಿಂದ ಉದ್ಯೋಗ ಬೆಳೆಯುತ್ತದೆ, ಬಂಗಲೆ ಏಳುತ್ತದೆ, ಅಣ್ಣ ಶ್ರೀಮಂತನಾಗುತ್ತಾನೆ. ಹಾಗಿದ್ದರೆ ಆ ಆಸ್ತಿಯಲ್ಲಿ ತಂಗಿಗೆ ಪಾಲು ಇರಬೇಡವೇ? ಸಾಮಾನ್ಯ ನ್ಯಾಯ ಬಲ್ಲ ಯಾರೂ ಇರಬೇಕು ಎನ್ನುತ್ತಾರೆ. ಆದರೆ ಚಿತ್ರದಲ್ಲಿ ಪಾಲಿನ ಮಾತು ಹುಟ್ಟುವುದು ಆನಂದನ ಮನೆ ಸೇರಿಕೊಂಡ ಅವನ ಅತ್ತೆಯ ಕುತಂತ್ರದಿಂದ. ಅವಳು ಆನಂದನ ಕಿವಿ ಊದುತ್ತಾಳೆ, ವ್ಯವಹಾರ ಕೋರ್ಟಿನ ತನಕ ಹೋಗುತ್ತದೆ, ಕುಟುಂಬ ಒಡೆಯುತ್ತದೆ. ಅಣ್ಣ ಮಾತ್ರ ಮರುಮಾತಾಡದೆ ಆಸ್ತಿಯನ್ನು ಬಿಟ್ಟುಕೊಟ್ಟು ಇನ್ನಷ್ಟು ದೊಡ್ಡವನಾಗುತ್ತಾನೆ. ರಾಧಾ ಒಂದು ಸಲವಾದರೂ “ಇದು ನನ್ನದೂ ಹೌದು” ಎನ್ನುವುದಿಲ್ಲ. ಅವಳು ಒಳ್ಳೆಯ ತಂಗಿ, ಅದಕ್ಕೇ ಕೇಳುವುದಿಲ್ಲ. ಕೇಳುವವರು ಕೆಟ್ಟವರು. ಕೊನೆಗೆ ತಂಗಿಯ ಮಗುವನ್ನು ಪಟಾಕಿಯ ಬೆಂಕಿಯಿಂದ ಉಳಿಸಲು ಹೋಗಿ ಅಣ್ಣ ಕಣ್ಣು ಕಳೆದುಕೊಳ್ಳುತ್ತಾನೆ, ಇಬ್ಬರೂ ಸಾಯುತ್ತಾರೆ. ಪ್ರೇಕ್ಷಕ ಮನೆಗೆ ಕೊಂಡೊಯ್ಯುವ ಪಾಠ ಇಷ್ಟು: ಅಣ್ಣ ಕೊಟ್ಟರೆ ಪ್ರೀತಿ, ತಂಗಿಯ ಕಡೆಯವರು ಕೇಳಿದರೆ ಮನೆಮುರುಕತನ.

ಈ ಪಾಠ ಯಾವ ಕಾಲದಲ್ಲಿ ಬಂತೆಂಬುದನ್ನೂ ಗಮನಿಸಬೇಕು. ಹೆಣ್ಣುಮಕ್ಕಳಿಗೆ ತಂದೆಯ ಸ್ವಂತ ಆಸ್ತಿಯಲ್ಲಿ ಗಂಡುಮಕ್ಕಳಷ್ಟೇ ಪಾಲು ಕೊಟ್ಟ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದದ್ದು 1956ರಲ್ಲಿ. ವರದಕ್ಷಿಣೆ ನಿಷೇಧ ಕಾಯ್ದೆಗೆ ರಾಷ್ಟ್ರಪತಿಯ ಅಂಕಿತ ಬಿದ್ದದ್ದು 1961ರ ಮೇ 20ರಂದು, ಅಂದರೆ ‘ಪಾಸಮಲರ್’ ತೆರೆ ಕಾಣುವುದಕ್ಕೆ ಸರಿಯಾಗಿ ಒಂದು ವಾರ ಮೊದಲು. ಕಾನೂನು ಹೆಣ್ಣಿಗೆ ಹಕ್ಕಿನ ಭಾಷೆ ಕಲಿಸುತ್ತಿದ್ದಾಗ ಸಿನಿಮಾ ಅವಳಿಗೆ ತ್ಯಾಗದ ಭಾಷೆ ಕಲಿಸಿತು. ಗೆದ್ದದ್ದು ಯಾವುದೆಂದು ಹೇಳಬೇಕಾಗಿಲ್ಲ. ನಮ್ಮ ಕನ್ನಡದಲ್ಲಂತೂ 2002ರ ‘ತವರಿಗೆ ಬಾ ತಂಗಿ’, 2005ರ ‘ಅಣ್ಣ ತಂಗಿ’ಗಳ ತನಕ ಅದೇ ತವರು, ಅದೇ ಕಣ್ಣೀರು. ಪಹಣಿಯಲ್ಲಿ ತಂಗಿಯ ಹೆಸರು ಸೇರಿಸಿದ ಅಣ್ಣನನ್ನು ಅಲ್ಲಿ ಹುಡುಕಿದರೂ ಸಿಗುವುದು ಕಷ್ಟ.

ಈಗ ಬೀದರಿನ ಚಿದ್ರಿಯತ್ತ ಬನ್ನಿ. ಇಲ್ಲಿ 2020ರ ಫೆಬ್ರವರಿಯಲ್ಲಿ ನಾಗರಿಕ ವಿಮಾನ ಸಂಚಾರ ಶುರುವಾಯಿತು. ತೊಗರಿ, ಉದ್ದು, ಜೋಳ ಬೆಳೆಯುತ್ತಿದ್ದ ನೆಲ ಊರಂಚಿನಲ್ಲಿ ನಿವೇಶನವಾಗುತ್ತಾ ಬಂದಿದೆ. ಎಕರೆಯ ಲೆಕ್ಕ ಹೋಗಿ ಚದರಡಿಯ ಲೆಕ್ಕ ಬಂದಿದೆ. ನೆಲಕ್ಕೆ ಬೆಲೆ ಇಲ್ಲದಿದ್ದಾಗ ಯಾರಿಗೂ ನೆನಪಾಗದಿದ್ದ ಅಕ್ಕತಂಗಿಯರು ಈಗ ನೆನಪಾಗುತ್ತಾರೆ. ಪಾಲು ಕೊಡುವುದಕ್ಕಲ್ಲ, ಸಹಿಗಾಗಿ! ಭಾಲ್ಕಿಗೋ ಔರಾದಿಗೋ ಕೊಟ್ಟ ತಂಗಿಯನ್ನು ಅಕ್ಕರೆಯಿಂದ ಕರೆಸಿ, ಊಟ ಹಾಕಿ, ಸೀರೆ ಕೊಟ್ಟು ಉಡಿ ತುಂಬಿ, ನೋಂದಣಿ ಕಚೇರಿಗೆ ಕರೆದೊಯ್ದು ಹಕ್ಕು ಬಿಡುಗಡೆ ಪತ್ರದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಪದ್ಧತಿ ನಮ್ಮ ಸೀಮೆಯಲ್ಲಿ ಯಾರಿಗೆ ಗೊತ್ತಿಲ್ಲ? ಕೆಲವು ಮನೆಗಳಲ್ಲಿ ಅಷ್ಟು ಶ್ರಮವೂ ಇಲ್ಲ. ವಂಶವೃಕ್ಷದಲ್ಲಿಯೇ ಹೆಣ್ಣುಮಕ್ಕಳ ಕೊಂಬೆ ಕಡಿದಿರುತ್ತಾರೆ.

ಇದರಲ್ಲಿ ಹಿಂದೂ ಮುಸ್ಲಿಮ್ ಎಂಬ ಭೇದವಿಲ್ಲ. ಸೌಹಾರ್ದ ಎಲ್ಲಿ ಕಡಿಮೆಯಾದರೂ ತಂಗಿಯ ಪಾಲು ನುಂಗುವುದರಲ್ಲಿ ಮಾತ್ರ ನಾವೆಲ್ಲ ಒಂದೇ. ಹಿಂದೂ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಪಾಲು ಎಂದು ಕರ್ನಾಟಕ 1994ರಲ್ಲೇ ಕಾನೂನು ತಂದಿತು, ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಕೇಂದ್ರದ ತಿದ್ದುಪಡಿ ಆ ಭೇದವನ್ನೂ ತೆಗೆಯಿತು. ಆಗ ತಂದೆ ಬದುಕಿದ್ದನೇ ಇಲ್ಲವೇ ಎಂಬ ತಕರಾರನ್ನು 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಬಗೆಹರಿಸಿತು. ಕಾನೂನಿನ ಬಾಗಿಲು ತೆರೆದಿದೆ. ಅಡ್ಡ ನಿಂತಿರುವವನು ಅಣ್ಣ.

ಮುಸ್ಲಿಮರ ಸ್ಥಿತಿ ಇನ್ನೂ ನಾಚಿಕೆಗೇಡು. ಹೆಣ್ಣಿನ ಪಾಲು ನಮಗೆ ಯಾವ ಸಂಸತ್ತೂ ಹದಿನಾಲ್ಕು ಶತಮಾನದ ನಂತರ ಕೊಟ್ಟ ಹೊಸ ವಿಷಯವಲ್ಲ. ಪವಿತ್ರ ಕುರ್‌ಆನಿನ ‘ಅನ್ನಿಸಾ’ ಅಧ್ಯಾಯ ಅದನ್ನು ಲೆಕ್ಕವಿಟ್ಟು ಹೇಳಿದೆ. ಆಸ್ತಿ ಅಲ್ಪವಿರಲಿ ಅಧಿಕವಿರಲಿ ಸ್ತ್ರೀಗೆ ಪಾಲುಂಟು ಎಂದಿದೆ. ಲೆಕ್ಕ ಮುಗಿದ ಕೂಡಲೇ ಇವು ಅಲ್ಲಾಹನ ಎಲ್ಲೆಗಳು ಎಂದು ಎಚ್ಚರಿಸಿದೆ. ಶರೀಅತ್ತಿಗೆ ಕೈ ಹಾಕಬೇಡಿ ಎಂದು ಬೀದಿಯಲ್ಲಿ ಕೂಗುವ ನಾವು ತಂದೆಯ ಹೊಲದ ಬದುವಿನಲ್ಲಿ ಮಾತ್ರ ಅದೇ ಶರೀಅತ್ತನ್ನು ಮರೆಯುವುದೇಕೆ? ಮಗಳಿಗೆ ಮಗನ ಅರ್ಧ ಪಾಲು ಎಂಬುದನ್ನು ಟೀಕಿಸುವವರಿಗೆ ನಮ್ಮ ವಿದ್ವಾಂಸರು ಉತ್ತರ ಕೊಡುತ್ತಾ ಬಂದಿದ್ದಾರೆ. ಆ ಚರ್ಚೆ ನಡೆಯಲಿ. ಆದರೆ ಆ ಅರ್ಧವನ್ನೂ ಕೊಡದವನಿಗೆ ಆ ಚರ್ಚೆಯಲ್ಲಿ ಬಾಯಿ ತೆರೆಯುವ ಯೋಗ್ಯತೆ ಇದೆಯೇ? ಮಗಳ ಪಾಲನ್ನು ನುಂಗಿ ಈದಿಗೊಂದು ಜೋಡಿ ಬಟ್ಟೆ ಕಳಿಸಿದರೆ ಲೆಕ್ಕ ಚುಕ್ತಾ ಆಗುತ್ತದೆಯೇ?

ಅಣ್ಣಂದಿರ ಸಮರ್ಥನೆಗಳೂ ನಮಗೆ ಗೊತ್ತು. “ಮದುವೆಗೆ ಖರ್ಚು ಮಾಡಿದ್ದೇವಲ್ಲ?” ಎನ್ನುತ್ತಾರೆ. ಆ ಖರ್ಚು ಹೋದದ್ದು ಶಾಮಿಯಾನಕ್ಕೆ, ಬಿರಿಯಾನಿಗೆ, ವರನ ಮನೆಗೆ. ಅದರಲ್ಲಿ ಒಂದು ಅಂಗುಲ ನೆಲವೂ ಅವಳ ಹೆಸರಿಗೆ ಬರಲಿಲ್ಲ. ಅಷ್ಟಕ್ಕೂ ಅಣ್ಣನ ಮದುವೆ ಬಿಟ್ಟಿಯಾಗಿ ನಡೆಯಿತೇ? ಅವನ ಪಾಲಿನಲ್ಲಿ ಅದನ್ನು ಕಳೆದರೇ? “ಅವಳೇ ಬೇಡ ಎಂದಳು” ಎನ್ನುವುದು ಎರಡನೆಯ ಮಾತು. ಬೇಕು ಎಂದರೆ ತವರಿನ ಬಾಗಿಲು ಮುಚ್ಚುತ್ತದೆ, ಪಂಚಮಿಗೆ ಕರೆಯಲು ಯಾರೂ ಬರುವುದಿಲ್ಲ, ಗಂಡ ಕೈಬಿಟ್ಟ ದಿನ ನಿಲ್ಲಲು ಜಾಗವಿರುವುದಿಲ್ಲ ಎಂದು ಅವಳಿಗೆ ಚಿಕ್ಕಂದಿನಿಂದ ಗೊತ್ತು. ಹೆದರಿಕೆಯಿಂದ ಬಂದ “ಬೇಡ” ಒಪ್ಪಿಗೆಯಾಗುವುದಿಲ್ಲ. “ಪಾಲು ಕೇಳಿದರೆ ಸಂಬಂಧ ಕೆಡುತ್ತದೆ” ಎನ್ನುವುದು ಮೂರನೆಯದು. ಅಣ್ಣತಮ್ಮಂದಿರು ಬದುವಿಗಾಗಿ ತಲೆ ಒಡೆದುಕೊಂಡಾಗ ಸಂಬಂಧ ಕೆಡುವುದಿಲ್ಲವೇ? ಆಗ ಯಾರೂ ಒಬ್ಬ ಅಣ್ಣನಿಗೆ ನೀನು ಸೀರೆ ತೆಗೆದುಕೊಂಡು ಹೋಗು ಎಂದು ಹೇಳಿದ್ದನ್ನು ನಾವು ಕೇಳಿಲ್ಲ.

ಚಿತ್ರದ ಕಾರ್ಖಾನೆ ಅಣ್ಣನ ಸ್ವಂತ ಸಂಪಾದನೆ, ಪಿತ್ರಾರ್ಜಿತವಲ್ಲ ಎಂದು ಯಾರಾದರೂ ವಾದಿಸಬಹುದು. ಸರಿ. ನಮ್ಮ ಹೊಲಗಳ ಕಥೆಯೂ ಹಾಗೆಯೇ ಅಲ್ಲವೇ? ಕಳೆ ಕಿತ್ತವಳು, ರಾಶಿಯಲ್ಲಿ ತೂರಿದವಳು, ತಮ್ಮಂದಿರು ಓದಲೆಂದು ಶಾಲೆ ಬಿಟ್ಟವಳು ಆ ಮನೆಯ ಹುಡುಗಿಯೇ. ಅವಳ ದುಡಿಮೆ ಬಂಡವಾಳದಲ್ಲಿ ಸೇರಿದೆ, ದಾಖಲೆಯಲ್ಲಿ ಸೇರಿಲ್ಲ. ರಾಧಾಳ ದುಡ್ಡಿಗೆ ರಸೀದಿ ಇರಲಿಲ್ಲ, ಇವರ ಬೆವರಿಗೂ ಇಲ್ಲ.

ಆದ್ದರಿಂದ ನಮ್ಮ ಒತ್ತಾಯ ಸರಳವಾದದ್ದು. ತಂದೆ ತೀರಿಕೊಂಡ ಮನೆಯಲ್ಲಿ ನಲವತ್ತು ದಿನ ಕಳೆಯುವ ಮೊದಲು, ತಿಥಿಯ ಎಲೆ ಎತ್ತುವ ಮೊದಲು ಹೆಣ್ಣುಮಕ್ಕಳಿಂದ ಸಹಿ ಕೇಳುವುದು ನಿಲ್ಲಲಿ. ನಿಕಾಹ್ ಓದಿಸುವ ಜಮಾಅತ್‌ಗಳು ಪಾಲಿನ ವಿಷಯವನ್ನೂ ಕೈಗೆತ್ತಿಕೊಳ್ಳಲಿ. ಜುಮಾ ಖುತ್ಬಾಗಳಲ್ಲಿ, ಮಠಗಳ ಪ್ರವಚನಗಳಲ್ಲಿ ಈ ಮಾತು ಹೆಸರಿಟ್ಟು ಬರಲಿ. ಸಹೋದರಿಯರೂ ಅಷ್ಟೆ. ಓದಿ ತಿಳಿಯದ ಯಾವ ಕಾಗದಕ್ಕೂ, ಎಷ್ಟೇ ಒಳ್ಳೆಯ ಸೀರೆಯ ಜೊತೆಗೆ ಬಂದರೂ, ಹೆಬ್ಬೆಟ್ಟು ಒತ್ತಬೇಡಿ. ಪಾಲು ಪಡೆದು, ಬೇಕೆನಿಸಿದರೆ ನಂತರ ತಮ್ಮನಿಗೆ ದಾನ ಕೊಡಿ. ಆಗ ಅದು ನಿಮ್ಮ ತ್ಯಾಗವಾಗುತ್ತದೆ. ಈಗ ನಡೆಯುತ್ತಿರುವುದು ಅವರ ಲಾಭ ಮಾತ್ರ.

ಇನ್ನು ಅಣ್ಣಂದಿರಿಗೆ. ವಂಶವೃಕ್ಷ ಬರೆಸುವಾಗ, ಪೌತಿ ಖಾತೆಯ ಅರ್ಜಿ ತುಂಬುವಾಗ ಅಕ್ಕತಂಗಿಯರ ಹೆಸರನ್ನು ಬಿಡದೆ ಬರೆಯಿಸಿ, ಅವರ ಪಾಲನ್ನು ಅಳೆದು ಕೊಡಿ. ಆಮೇಲೆ ‘ವಾತ್ಸಲ್ಯ’ವನ್ನೋ ‘ರಾಖಿ’ಯನ್ನೋ ಹಾಕಿಕೊಂಡು ಎಷ್ಟು ಬೇಕಾದರೂ ಅಳಿರಿ. ನಮ್ಮ ಅಭ್ಯಂತರವಿಲ್ಲ.